ಹಳೇ ಪ್ರೊಜೆಕ್ಟರ್‌ಗೆ ಹೊಸ ಬೆಲ್ಟ್ ಹಾಕಿದ್ಮೇಲೆ ಕಿರುಚಾಟ ಶುರುವಾಗಿದೆ, ಏನ್ ಮಾಡ್ಲಿ?

ರೀಲುಬಂಡಿ:

ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ 16 ಎಂಎಂ ಸೌಂಡ್ ಪ್ರೊಜೆಕ್ಟರ್ ಒಂದಿದೆ. ಅಟ್ಟದ ಮೇಲೆ ಎಷ್ಟು ವರ್ಷ ಬಿದ್ದಿತ್ತೋ ಗೊತ್ತಿಲ್ಲ, ಹೋದ ತಿಂಗಳು ಇಳಿಸಿ ಹಿಂದಿನ ಮುಚ್ಚಳ ತೆಗೆದ್ರೆ ಮೋಟಾರ್ ಬೆಲ್ಟ್ ಅನ್ನೋದೇ ಇಲ್ಲ, ಅದರ ಜಾಗದಲ್ಲಿ ಡಾಂಬರಿನ ಥರ ಕಪ್ಪಗೆ ಅಂಟಂಟು ಏನೋ ಎರಡೂ ಪುಲ್ಲಿಗೆ ಮೆತ್ಕೊಂಡಿತ್ತು, ಸ್ವಲ್ಪ ತಳಕ್ಕೂ ಸೋರಿತ್ತು. ಬಟ್ಟೇಲಿ ಒರೆಸಿ ತೆಗೆದೆ (ಕೈಗೆ ಹತ್ತಿದ್ದು ಮೂರು ದಿನ ಹೋಗ್ಲಿಲ್ಲ). ಹಳೇ ಬೆಲ್ಟ್ ಕರಗಿ ಹೋಗಿರೋದ್ರಿಂದ ಅಳತೆ ಸಿಗ್ಲಿಲ್ಲ, ಅದಕ್ಕೆ ಪಾಲಿಯುರೆಥೇನ್ ಹುರಿ ಅಂತ ಸಿಗತ್ತಲ್ಲ, ದುಂಡಗಿರೋದು, 4 ಮಿಮೀದು ತಂದು ಪುಲ್ಲಿ ಸುತ್ತ ಸುತ್ತಿ ಕತ್ತರಿಸಿ ಎರಡು ತುದಿ ಲೈಟರ್‌ನಲ್ಲಿ ಕಾಯಿಸಿ ಅಂಟಿಸಿದೆ. ಜಾರಬಾರ್ದು ಅಂತ ಚೆನ್ನಾಗಿ ಬಿಗಿಯಾಗೇ ಹಾಕಿದ್ದೀನಿ.

ಈಗ ಕಥೆ ಏನಂದ್ರೆ, ಆನ್ ಮಾಡಿದ ತಕ್ಷಣ ಹತ್ತು ಸೆಕೆಂಡ್ ಕೀಈಈಚ್ ಅಂತ ಕಿರುಚತ್ತೆ, ಪಕ್ಕದ ರೂಮಲ್ಲಿ ಮಲಗಿರೋರೂ ಎದ್ದು ಬರ್ಬೇಕು ಹಾಗೆ. ಆಮೇಲೆ ಕಿರುಚಾಟ ನಿಲ್ಲತ್ತೆ ಆದ್ರೆ ಟಪ್ಟಪ್ಟಪ್ ಅಂತ ಒಂದೇ ಸಮನೆ ಬಡಿತ ಇರತ್ತೆ, ಅದು ನಿಲ್ಲೋದೇ ಇಲ್ಲ. ಪೌಡರ್ ಹಾಕಿ ನೋಡಿದೆ, ಒಂದು ದಿನ ಸುಮ್ಮನಿತ್ತು, ಮತ್ತೆ ಶುರು. ಹೊಲಿಗೆ ಮಿಶಿನ್ ಎಣ್ಣೆ ಎರಡು ಹನಿ ಬೆಲ್ಟ್ ಮೇಲೆ ಬಿಟ್ಟೆ, ಅದು ಇನ್ನೂ ಕೆಟ್ಟದಾಯ್ತು. ಬೇರೆ ಬೆಲ್ಟ್ ತರ್ಲಾ? ಯಾವ ಥರದ್ದು ತಂದ್ರೆ ಸದ್ದು ಮಾಡಲ್ಲ? ಅಂದಹಾಗೆ ಇನ್ನೊಂದು, ಮಾತೆಲ್ಲ ಸ್ವಲ್ಪ ಕೀರಲು ಅನ್ಸತ್ತೆ, ಗಂಡಸಿನ ದನಿ ಹುಡುಗನ ದನಿ ಥರ ಬರ್ತಿದೆ. ಅದು ಆಂಪ್ಲಿಫೈಯರ್ ಪ್ರಾಬ್ಲಂ ಅನ್ಕೊಂಡಿದ್ದೀನಿ, ಅದನ್ನ ಆಮೇಲೆ ನೋಡ್ಕೊಳ್ತೀನಿ.

ಸ್ಪ್ರಾಕೆಟ್_ಮಾಮ:

ಬೆಲ್ಟ್ ಮೇಲೆ ಎಣ್ಣೆ ಹಾಕ್ದೋರನ್ನ ನಾನು ಬಯ್ಯಲ್ಲ, ಯಾಕಂದ್ರೆ ನಾನೂ ಹಾಕಿದ್ದೀನಿ. ಕಿರುಚ್ತಿದೆ ಅಂದ್ರೆ ಒಣಗಿದೆ, ಎಣ್ಣೆ ಹಾಕಿದ್ರೆ ಸರಿಹೋಗತ್ತೆ ಅಂತ ಮನಸ್ಸಿಗೆ ಬರೋದು ಸಹಜ. ಬಾಗಿಲು ಕಿರುಚಿದ್ರೆ ಅದು ಸರಿ. ಬೆಲ್ಟ್ ಕೆಲಸ ಮಾಡೋದೇ ಉಜ್ಜಾಟದ ಮೇಲೆ, ಅದು ಹಿಡ್ಕೊಳ್ಳೋಕಾಗ್ದೆ ಜಾರ್ತಾ ಇರೋದಕ್ಕೇ ಕಿರುಚೋದು. ಎಣ್ಣೆ ಹಾಕಿದ್ರೆ ಜಾರೋದು ಜಾಸ್ತಿ ಆಗತ್ತೆ ಅಷ್ಟೆ. ಪೌಡರೂ ಅದೇ ಕಥೆ, ಸದ್ದು ಮುಚ್ಚತ್ತೆ, ಜಾರೋದು ಹಾಗೇ ಇರತ್ತೆ. ಅದರಲ್ಲೂ ಪ್ರೊಜೆಕ್ಟರ್‌ನಲ್ಲಿ ಜಾರೋ ಬೆಲ್ಟ್ ಅಂದ್ರೆ ಫಿಲಂಗೆ ಅಪಾಯ. ಲ್ಯಾಂಪ್ ಉರೀತಾ ಇರುವಾಗ ಶಟರ್ (ಬೆಳಕಿಗೆ ಅಡ್ಡ ತಿರುಗೋ ಎಲೆ) ನಿಧಾನ ಆಗಿ ಫ್ರೇಮ್ ಗೇಟಲ್ಲಿ (ಫಿಲಂ ಮೇಲೆ ಬೆಳಕು ಬೀಳೋ ಕಿಂಡಿ) ನಿಂತ್ರೆ ಆ ಫ್ರೇಮ್ ಗುಳ್ಳೆ ಎದ್ದು ಕಂದಾಗತ್ತೆ. ಹಾಗಾಗಿ ಮೊದಲು ಒಂದು ಕೆಲಸ ಮಾಡಿ, ಚಿಕ್ಕಪ್ಪನ ಫಿಲಂಗಳನ್ನ ಎತ್ತಿಡಿ, ಇದೆಲ್ಲ ಸರಿಹೋಗೋವರೆಗೂ ಖಾಲಿ ಲೀಡರ್ (ರೀಲಿನ ಶುರುವಲ್ಲಿ ಅಂಟಿಸೋ ಚಿತ್ರ ಇಲ್ದ ಫಿಲಂ) ಮಾತ್ರ ಹಾಕಿ ಓಡಿಸಿ, ಲ್ಯಾಂಪ್ ಆಫ್ ಇರ್ಲಿ.

ಈಗ ಬೆಲ್ಟ್ ವಿಷಯ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹತ್ತರಲ್ಲಿ ಏಳು ಸಲ ಬೆಲ್ಟ್ ಕಿರುಚೋದು ಬೆಲ್ಟಿನ ತಪ್ಪಲ್ಲ (ಲೆಕ್ಕ ಇಟ್ಟಿಲ್ಲ, ನನ್ನ ಅನುಭವದ ಮಾತು), ಅದು ಎಳೀತಿರೋ ಭಾರ ಜಾಸ್ತಿ ಇರತ್ತೆ. ನಿಮ್ಮ ಮಿಶಿನ್ ವರ್ಷಗಟ್ಟಲೆ ಅಟ್ಟದಲ್ಲಿತ್ತು ಅಂದ್ರಿ, ಒಳಗಿನ ಗ್ರೀಸು ಮೇಣದ ಥರ ಗಟ್ಟಿಯಾಗಿರತ್ತೆ. ನಿಂತಿರೋ ಶಾಫ್ಟು, ಶಟರ್, ಗೇರು ಎಲ್ಲವನ್ನೂ ಒಂದೇ ಏಟಿಗೆ ಎಬ್ಬಿಸ್ಬೇಕು ಮೋಟಾರು, ಆ ಹೊತ್ತಲ್ಲಿ ಬೆಲ್ಟಿಗೆ ಎಲ್ಲಕ್ಕಿಂತ ಜಾಸ್ತಿ ಹೊರೆ. ಹತ್ತು ಸೆಕೆಂಡ್ ಆದ್ಮೇಲೆ ನಿಲ್ಲತ್ತೆ ಅಂದ್ರಲ್ಲ, ಅದೇ ಸಾಕ್ಷಿ, ಗ್ರೀಸ್ ಸ್ವಲ್ಪ ಮೆತ್ತಗಾಗ್ತಿದ್ದ ಹಾಗೆ ಬೆಲ್ಟ್ ಹಿಡ್ಕೊಳ್ತಿದೆ.

ಪ್ಲಗ್ ಕಿತ್ತು (ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳಿ, ಮೋಟಾರ್ ಪಕ್ಕ ಕೆಪಾಸಿಟರ್ ಡಬ್ಬಿ ಇದ್ರೆ ಅದರ ಕಾಲುಗಳನ್ನ ಮುಟ್ಬೇಡಿ) ಬೆಲ್ಟ್ ಬಿಚ್ಚಿ ಪಕ್ಕಕ್ಕಿಡಿ. ಕೈಯಲ್ಲಿ ತಿರುಗಿಸೋ ಗುಬಟು ಇರತ್ತಲ್ಲ ಅದನ್ನ ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಹಗುರಾಗಿ, ಎಲ್ಲ ಕಡೆ ಒಂದೇ ಸಮ ಬರ್ಬೇಕು, ಕ್ಲಾ ಅನ್ನೋ ಕೊಕ್ಕೆ ಫಿಲಂ ಎಳೆಯೋ ಜಾಗದಲ್ಲಿ ಒಂದು ಸಣ್ಣ ತಡೆ ಇರತ್ತೆ ಅದು ಬಿಡಿ. ಮಣಿಕಟ್ಟು ಉಪಯೋಗಿಸ್ಬೇಕಾಯ್ತು ಅಂದ್ರೆ ಅಲ್ಲೇ ಇದೆ ರೋಗ. ಆಮೇಲೆ ಬೆಲ್ಟ್ ಇಲ್ದೇನೇ ಮೋಟಾರ್ ಮಾತ್ರ ಒಂದರ್ಧ ನಿಮಿಷ ಓಡಿಸಿ ಕೇಳಿ. ಗುಂಯ್ ಅಂತ ನುಣ್ಣಗಿದ್ರೆ ಮೋಟಾರ್ ಆರೋಗ್ಯವಾಗಿದೆ. ಗರಗರ ಅಂದ್ರೆ ಅದರ ಬೇರಿಂಗ್ ಒಣಗಿದೆ ಇಲ್ಲಾ ಫ್ಯಾನ್ ಎಲೆ ಎಲ್ಲೋ ತಾಗ್ತಿದೆ. ಏನ್ ಕೇಳಿಸ್ತು ಅಂತ ಇಲ್ಲಿ ಬರೀರಿ, ಅಲ್ಲೀವರೆಗೂ ಹೊಸ ಬೆಲ್ಟ್ ತರ್ಬೇಡಿ.

ಎಣ್ಣೆಕೈ:

ಇಷ್ಟೆಲ್ಲ ಯಾಕೆ ಗುರು, ಬೆಲ್ಟ್ ಡ್ರೆಸಿಂಗ್ ಸ್ಪ್ರೇ ಸಿಗತ್ತೆ ಮಿಲ್‌ಗಳಲ್ಲಿ ಹಾಕ್ತಾರಲ್ಲ, ಒಂದ್ಸಲ ಹೊಡೀರಿ ಗಮ್ಮನೆ ಹಿಡ್ಕೊಳ್ಳತ್ತೆ. ನಮ್ಮ ಗಿರಣಿ ಬೆಲ್ಟಿಗೆ ಅದೇ ಹಾಕ್ತಿದ್ವಿ.

ಸ್ಪ್ರಾಕೆಟ್_ಮಾಮ:

@ಎಣ್ಣೆಕೈ ಗಿರಣಿ ಬೆಲ್ಟು ಅಂಗೈ ಅಗಲ ಇರತ್ತೆ ಮಾರಾಯ, ಇದು ನೂಲಿನ ಥರದ್ದು. ಆ ಸ್ಪ್ರೇ ಅಂಟು ಧೂಳು ಹಿಡ್ಕೊಂಡು ಗಂಟು ಗಂಟಾಗತ್ತೆ, ಆಮೇಲೆ ಪ್ರತಿ ಗಂಟೂ ಟಪ್ ಅನ್ನತ್ತೆ. ಅದೂ ಅಲ್ದೆ ಸುತ್ತೋ ಬೆಲ್ಟಿಂದ ಸಿಡಿದ ಅಂಟು ಲೆನ್ಸು, ಸೌಂಡ್ ಡ್ರಮ್ಮು (ಫಿಲಂನ ಸದ್ದು ಓದೋ ಜಾಗದ ಉರುಳೆ) ಎಲ್ಲ ಕಡೆ ಕೂರತ್ತೆ. ಕರಗಿದ ಬೆಲ್ಟಿನ ಅಂಟು ತೆಗೆಯೋಕೆ ಒದ್ದಾಡ್ತಿರೋರಿಗೆ ಇನ್ನೊಂದು ಅಂಟು ಹಾಕು ಅಂತೀರಲ್ಲ.

ಮಿಣುಕು_ಲ್ಯಾಂಪ್:

ನಾನು ಬೇರೆ ಒಂದು ವಿಷಯಕ್ಕೆ ಬರ್ತೀನಿ, ಅದು ನಿಮಗೆ ಆಂಪ್ಲಿಫೈಯರ್ ಪ್ರಾಬ್ಲಂ ಅನ್ಸಿರೋದು. ದನಿ ಕೀರಲಾಗಿರೋದು ಆಂಪ್ಲಿಫೈಯರ್‌ದಲ್ಲ, ಅದೂ ಬೆಲ್ಟೇ. ಆಂಪ್ಲಿಫೈಯರ್ ಕೆಟ್ರೆ ಸದ್ದು ಸಣ್ಣಗಾಗತ್ತೆ, ಒಡೆಯತ್ತೆ, ಗುಯ್ಗುಟ್ಟತ್ತೆ, ಆದ್ರೆ ಶ್ರುತಿ ಏರಲ್ಲ. ಶ್ರುತಿ ಏರಿದೆ ಅಂದ್ರೆ ಫಿಲಂ ಜೋರಾಗಿ ಓಡ್ತಿದೆ ಅಂತ. ನಿಮ್ಮ 4 ಮಿಮೀ ಹುರಿ ನೋಡಿದ್ರೆ ನನಗೆ ಅನುಮಾನ, ಅಲ್ಲಿ ಇದ್ದಿದ್ದು 3 ಮಿಮೀದು ಇರ್ಬೇಕು.

ಹೇಗೆ ಅಂದ್ರೆ, ಪುಲ್ಲಿ ಗಾಡಿ (ಬೆಲ್ಟ್ ಕೂರೋ ತೋಡು) ವಿ ಆಕಾರದಲ್ಲಿರತ್ತೆ, ದುಂಡು ಬೆಲ್ಟು ಅದರ ಎರಡು ಗೋಡೆಗೆ ಒತ್ತಿಕೊಂಡು ಕೂರ್ಬೇಕು, ತಳ ಮುಟ್ಟಬಾರ್ದು. ದಪ್ಪ ಬೆಲ್ಟ್ ಹಾಕಿದ್ರೆ ಗಾಡಿ ಒಳಗೆ ಇಳಿಯಲ್ಲ, ಮೇಲೇ ನಿಲ್ಲತ್ತೆ, ಅಂದ್ರೆ ಪುಲ್ಲಿನೇ ದೊಡ್ಡದಾದ ಹಾಗೆ. ಎರಡೂ ಪುಲ್ಲಿ ದೊಡ್ಡದಾಗತ್ತಲ್ಲ ಸರಿಹೋಯ್ತು ಅನ್ಕೋಬೇಡಿ, ಎರಡಕ್ಕೂ ಸೇರೋದು ಅಷ್ಟೇ ಮಿಲಿಮೀಟರ್, ಆದ್ರೆ ಚಿಕ್ಕದಕ್ಕೆ ಅದು ದೊಡ್ಡ ಪಾಲು. ಲೆಕ್ಕ ಹಾಕಿ ತೋರಿಸ್ತೀನಿ, ಇದು ನನ್ನ ಚಟ, ಬೇಜಾರಾದ್ರೆ ದಾಟಿಕೊಂಡು ಹೋಗಿ. 40 ಡಿಗ್ರಿ ಗಾಡಿ ಅನ್ಕೊಳ್ಳಿ, 3 ಮಿಮೀ ಬೆಲ್ಟ್ ಕೂತಾಗ ಅದರ ನಡುಗೆರೆ ಲೆಕ್ಕದಲ್ಲಿ ಮೋಟಾರ್ ಪುಲ್ಲಿ ವ್ಯಾಸ 15 ಮಿಮೀ, ದೊಡ್ಡದು 30 ಮಿಮೀ. ಅಂದ್ರೆ ಮೋಟಾರ್ ಎರಡು ಸುತ್ತಿಗೆ ಶಾಫ್ಟ್ ಒಂದು ಸುತ್ತು. 4 ಮಿಮೀ ಹಾಕಿದ್ರೆ ನಡುಗೆರೆ ಹತ್ತಿರ ಹತ್ತಿರ ಒಂದೂವರೆ ಮಿಮೀ ಮೇಲೇರತ್ತೆ, ವ್ಯಾಸದಲ್ಲಿ ಅದು 3 ಮಿಮೀ ಆಯ್ತು. 15 ಇದ್ದಿದ್ದು 18, 30 ಇದ್ದಿದ್ದು 33. ಭಾಗಿಸಿ ನೋಡಿ, ಮೊದಲು 0.50 ಇದ್ದ ಅನುಪಾತ ಈಗ 0.54 ಚಿಲ್ಲರೆ. ಸೆಕೆಂಡಿಗೆ 24 ಫ್ರೇಮ್ ಓಡ್ಬೇಕಾದ್ದು 26ರ ಮೇಲೆ ಓಡತ್ತೆ. ಮೂಕಿ ಫಿಲಂ ಆದ್ರೆ ಗೊತ್ತೇ ಆಗಲ್ಲ, ಸೌಂಡ್ ಫಿಲಂನಲ್ಲಿ ಕಿವಿಗೆ ಹೊಡೆಯತ್ತೆ, ನಿಮ್ಮ ಗಂಡಸು ಹುಡುಗ ಆಗಿರೋದು ಹೀಗೇ.

ನಂಬಿಕೆ ಬರ್ಲಿಲ್ಲ ಅಂದ್ರೆ ಅಳೆದು ನೋಡಿ. 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮ್, 24ರ ವೇಗದಲ್ಲಿ ನಿಮಿಷಕ್ಕೆ ಸರಿಯಾಗಿ 36 ಅಡಿ. ಲೀಡರ್‌ನಲ್ಲಿ 36 ಅಡಿ ಅಳೆದು ಎರಡು ಕಡೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಫೋನ್ ಸ್ಟಾಪ್‌ವಾಚ್ ಹಿಡ್ಕೊಂಡು ಗೇಟ್ ದಾಟೋದನ್ನ ನೋಡಿ. 60 ಸೆಕೆಂಡ್ ಬರ್ಬೇಕು. (ಸೂಪರ್ 8 ಇರೋರು ಯಾರಾದ್ರೂ ಓದ್ತಿದ್ರೆ, ನಿಮ್ಮದು ಅಡಿಗೆ 72 ಫ್ರೇಮ್, 50 ಅಡಿ ರೀಲು 18ರ ವೇಗದಲ್ಲಿ 3 ನಿಮಿಷ 20 ಸೆಕೆಂಡ್.)

ಇನ್ನೊಂದು, ನಿಮ್ಮ ಮೋಟಾರ್ ಪುಲ್ಲೀಲಿ ಪಕ್ಕಪಕ್ಕ ಎರಡು ಗಾಡಿ ಇದ್ಯಾ ನೋಡಿ, ಒಂದು ಸ್ವಲ್ಪ ದೊಡ್ಡದು ಒಂದು ಚಿಕ್ಕದು. ಇದ್ರೆ ಅದು 50 ಹರ್ಟ್ಸ್, 60 ಹರ್ಟ್ಸ್ ಕರೆಂಟಿಗೆ ಅಂತ ಮಾಡಿರೋದು. ದೊಡ್ಡದು 50ಕ್ಕೆ, ಚಿಕ್ಕದು 60ಕ್ಕೆ. ತಪ್ಪು ಗಾಡೀಲಿ ಹಾಕಿದ್ರೆ ಬೆಲ್ಟ್ ಎಷ್ಟೇ ಸರಿ ಇದ್ರೂ ವೇಗ ತಪ್ಪತ್ತೆ, ಬೆಲ್ಟು ಓರೆಯಾಗಿ ಓಡಿ ಚಿರ್‌ಚಿರ್ ಅಂತ ಬೇರೆ ಥರ ಸದ್ದೂ ಮಾಡತ್ತೆ.

ರೀಲುಬಂಡಿ:

ಅಬ್ಬಾ, ಇಷ್ಟೊಂದು ಬರ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡ್ದೆ.

ಮೋಟಾರ್ ಒಂದೇ ಓಡಿಸಿದ್ರೆ ನುಣ್ಣಗಿದೆ. ಆದ್ರೆ ಗುಬಟು ತಿರುಗಿಸೋಕೆ ಎರಡು ಬೆರಳಲ್ಲ, ಇಡೀ ಕೈ ಬೇಕಾಯ್ತು, ಮಾಮ ಹೇಳಿದ್ದು ಸರಿ. ಪುಲ್ಲಿ ಗಾಡಿ ಟಾರ್ಚ್ ಹಾಕಿ ನೋಡಿದ್ರೆ ನಾನು ಬಟ್ಟೇಲಿ ಒರೆಸಿದ್ದು ಮೇಲ್ಮೇಲೆ ಅಷ್ಟೇ, ತಳದಲ್ಲಿ ಹಳೇ ಬೆಲ್ಟ್ ಅಂಟು ಗಟ್ಟಿಯಾಗಿ ಕಪ್ಪು ಗಾಜಿನ ಥರ ಕೂತಿದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಗಾಡಿ ಎರಡಿಲ್ಲ, ಒಂದೇ. 36 ಅಡಿ ಅಳೆದು ಓಡಿಸ್ದೆ, 55 ಸೆಕೆಂಡಲ್ಲಿ ಮುಗೀತು!! ಮೂರು ಸಲ ಮಾಡ್ದೆ, ಮೂರು ಸಲಾನೂ 55ರ ಆಸುಪಾಸೇ. ಲ್ಯಾಂಪಣ್ಣ ನಿಮ್ಮ ಲೆಕ್ಕಕ್ಕೆ ದೊಡ್ಡ ನಮಸ್ಕಾರ. ಆಂಪ್ಲಿಫೈಯರ್ ಬಿಚ್ಚೋಕೆ ಸ್ಕ್ರೂಡ್ರೈವರ್ ತೆಗ್ದಿದ್ದೆ, ಬಚಾವಾಯ್ತು.

ಟಪ್ಟಪ್ ಮಾತ್ರ ಏನು ಅಂತ ಗೊತ್ತಾಗ್ತಿಲ್ಲ. ಗೇರ್ ಹಲ್ಲು ಮುರಿದಿರ್ಬಹುದಾ ಅಂತ ಭಯ ಆಗ್ತಿದೆ.

ಮಿಣುಕು_ಲ್ಯಾಂಪ್:

ಭಯ ಬೇಡ, ಎಣಿಸಿ. ಫೋನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ರೆಕಾರ್ಡರ್ ಆಪ್‌ನಲ್ಲಿ ಅಲೆ ಥರ ಗೆರೆ ಬರತ್ತಲ್ಲ ಅದನ್ನ ಹಿಗ್ಗಿಸಿ ಸೆಕೆಂಡಿಗೆ ಎಷ್ಟು ಏಟು ಅಂತ ಎಣಿಸಿ. ಪ್ರೊಜೆಕ್ಟರ್‌ನಲ್ಲಿ ಸುತ್ತೋ ಪ್ರತಿ ಭಾಗಕ್ಕೂ ಅದರದ್ದೇ ತಾಳ ಇದೆ. ಸೆಕೆಂಡಿಗೆ 24 ಇಲ್ಲಾ 26 ಬಂದ್ರೆ ಅದು ಕ್ಲಾ ಅಥವಾ ಶಟರ್ ಕಡೆಯದು, 50ರ ಹತ್ತಿರ ಬಂದ್ರೆ ಮೋಟಾರ್‌ದು, ಆ ವೇಗದಲ್ಲಿ ಏಟು ಅಂತ ಬಿಡಿಯಾಗಿ ಕೇಳಲ್ಲ, ಗುರ್ ಅಂತ ಕೇಳತ್ತೆ. ಬೆಲ್ಟಿನ ಬೆಸುಗೆ ಆದ್ರೆ ಬೆಲ್ಟ್ ಒಂದು ಪೂರ್ತಿ ಸುತ್ತು ಬಂದಾಗ ಒಂದ್ಸಲ ಮೋಟಾರ್ ಪುಲ್ಲಿ ಮೇಲೆ ಹತ್ತಿ ಇಳಿಯತ್ತೆ. ಮೋಟಾರ್ ಸೆಕೆಂಡಿಗೆ 48 ಸುತ್ತು, 18 ಮಿಮೀ ಪುಲ್ಲಿ, ಅಂದ್ರೆ ಬೆಲ್ಟ್ ಸೆಕೆಂಡಿಗೆ 2.7 ಮೀಟರ್ ಓಡತ್ತೆ. ನಿಮ್ಮ ಬೆಲ್ಟ್ ಉದ್ದ ಎಷ್ಟು?

ರೀಲುಬಂಡಿ:

ಪುಲ್ಲಿ ಮೇಲೆ ಕೂತಾಗ 38 ಸೆಂಮೀ ಇದೆ. ರೆಕಾರ್ಡ್ ಮಾಡಿ ಎಣಿಸ್ದೆ, ಸೆಕೆಂಡಿಗೆ 7 ಏಟು.

ಮಿಣುಕು_ಲ್ಯಾಂಪ್:

2.7 ಮೀಟರ್‌ನ 38 ಸೆಂಮೀಗೆ ಭಾಗಿಸಿ. 7.

ನಿಮ್ಮ ಗೇರು ಚೆನ್ನಾಗಿದೆ, ಲೈಟರ್ ಬೆಸುಗೆ ಅದು.

ಸ್ಪ್ರಾಕೆಟ್_ಮಾಮ:

ಹ್ಹಹ್ಹ, ಲ್ಯಾಂಪ್ ಸ್ಕ್ರೂಡ್ರೈವರ್ ಮುಟ್ಟದೇನೇ ರಿಪೇರಿ ಮಾಡ್ತಾರೆ.

ಸರಿ ಈಗ ಕೈಕೆಲಸ. ಮೊದಲು ಪುಲ್ಲಿ. ಆ ಗಾಜಿನ ಥರ ಕೂತಿರೋದನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ನೆನೆಸಿದ ಹತ್ತಿ ಗಾಡಿ ಸುತ್ತ ಸುತ್ತಿ ಕಾಲು ಗಂಟೆ ಬಿಡಿ, ಆಮೇಲೆ ಮರದ ಕಡ್ಡಿ ಚೂಪು ಮಾಡಿ ಕೆರೀರಿ. ಮೊಳೆ, ಬ್ಲೇಡ್ ಬೇಡ, ಗಾಡಿ ಗೋಡೆ ಮೇಲೆ ಒಂದು ಗೀರು ಬಿದ್ರೆ ಹೊಸ ಬೆಲ್ಟನ್ನ ಅದೇ ತಿನ್ನತ್ತೆ. ಅಸಿಟೋನ್, ಥಿನ್ನರ್ ಹತ್ತಿರಾನೂ ತರ್ಬೇಡಿ, ಪ್ಲಾಸ್ಟಿಕ್ ಭಾಗ ಇದ್ರೆ ಕರಗಿ ಕೂರತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ (ಮೂರು ದಿನದ ಕಥೆ ನೀವೇ ಹೇಳಿದ್ರಿ). ಹತ್ತಿ ಬಿಳಿಯಾಗೇ ವಾಪಸ್ ಬರೋವರೆಗೂ ಮಾಡಿ, ನನಗೆ ಒಂದ್ಸಲ ಅರ್ಧ ದಿನ ಹಿಡಿದಿತ್ತು.

ಹಳೇ ಬೆಲ್ಟ್ ಯಾಕೆ ಹಾಗಾಗತ್ತೆ ಅಂತ ಕೆಲವರು ಕೇಳ್ತಾರೆ. ಪಾಲಿಯುರೆಥೇನ್‌ನಲ್ಲಿ ಒಂದು ಜಾತಿ ಇದೆ, ಗಾಳಿಯಲ್ಲಿರೋ ತೇವ ಹೀರ್ಕೊಂಡು ಹೀರ್ಕೊಂಡು ಒಳಗಿನ ಸರಪಳಿ ತುಂಡಾಗಿ ಅಂಟಾಗಿಬಿಡತ್ತೆ. ಓಡಿಸಿದ್ರೂ ಆಗತ್ತೆ, ಓಡಿಸ್ದೆ ಇಟ್ರೂ ಆಗತ್ತೆ. ಸುಮ್ನೆ ಇಟ್ಟಿದ್ದೆ ಹೇಗೆ ಹಾಳಾಯ್ತು ಅಂತ ತಲೆ ಕೆಡಿಸ್ಕೊಳ್ಳೋದು ಬೇಡ.

ಎರಡನೇದು ಮುಖ್ಯ ಶಾಫ್ಟು. ಹಳೇ ಗ್ರೀಸ್ ಮೇಲೆ ಹೊಸ ಎಣ್ಣೆ ಸುರೀಬೇಡಿ, ಮೇಣ ನೆನೆದು ಕೆಸರಾಗತ್ತೆ. ಕಾಣೋ ಗೇರುಗಳಿಂದ ಹಳೇದನ್ನ ಬ್ರಶ್ಶಲ್ಲಿ ತೆಗೆದು ಒರೆಸಿ, ತೆಳುವಾಗಿ ಹೊಸ ಗ್ರೀಸ್ ಸವರಿ, ಹಲ್ಲು ಒದ್ದೆಯಾದ್ರೆ ಸಾಕು. ಬೇರಿಂಗು ಹಿತ್ತಾಳೆ ಬಣ್ಣದ ಬುಷ್ ಇರತ್ತೆ, ಅದು ಸಣ್ಣ ಸಣ್ಣ ರಂಧ್ರ ಇರೋ ಲೋಹ, ಎಣ್ಣೆ ಕುಡಿದು ಒಳಗಿಟ್ಕೊಳ್ಳತ್ತೆ. ಅದಕ್ಕೆ ನಿಮ್ಮ ಹೊಲಿಗೆ ಮಿಶಿನ್ ಎಣ್ಣೆ ಸರಿಯಾದ ಜಾಗ, ಒಂದು ಹನಿ ಬಿಡಿ, ಕೈಯಲ್ಲಿ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಹನಿ. ಪಕ್ಕದಲ್ಲಿ ಉಣ್ಣೆ ಬಟ್ಟೆ ಥರ ಬಿಲ್ಲೆ ಇದ್ರೆ ಅದನ್ನೂ ನೆನೆಸಿ, ಅದೇ ಎಣ್ಣೆಯ ಉಗ್ರಾಣ. ಹೆಚ್ಚಾಗಿದ್ದನ್ನ ಒರೆಸಲೇಬೇಕು, ಇಲ್ಲಾಂದ್ರೆ ಶಾಫ್ಟ್ ತಿರುಗಿದಾಗ ಸಿಡಿದು ನೇರವಾಗಿ ಬೆಲ್ಟ್ ಮೇಲೇ ಬರತ್ತೆ, ಆಮೇಲೆ ನೀವು ಮತ್ತೆ ಇಲ್ಲಿಗೆ ಬಂದು ಕಿರುಚತ್ತೆ ಅಂತ ಬರೀತೀರ. ತುಕ್ಕು ಬಿಡಿಸೋ ಸ್ಪ್ರೇ ಡಬ್ಬಿ ಇರತ್ತಲ್ಲ ಎಲ್ಲರ ಮನೇಲೂ, ಅದನ್ನ ಒಳಗೆ ಹೊಡೀಬೇಡಿ, ಅದು ಬುಷ್‌ನಲ್ಲಿರೋ ಎಣ್ಣೆನೂ ತೊಳೆದು ಹಾಕತ್ತೆ.

ಮೂರನೇದು, ಮೋಟಾರ್ ಕೂತಿರೋ ರಬ್ಬರ್ ಗುಂಡುಗಳನ್ನ ಒತ್ತಿ ನೋಡಿ. ಉಗುರು ಇಳಿಯಲ್ಲ ಅಂದ್ರೆ ಕಲ್ಲಾಗಿದೆ, ಆಗ ಮೋಟಾರಿನ ನಡುಕ ಪೂರ್ತಿ ತಗಡಿನ ಪೆಟ್ಟಿಗೆಗೆ ಹೋಗಿ ಇಡೀ ಮಿಶಿನ್ ತಬಲ ಆಗತ್ತೆ. ಕುಸಿದಿದ್ರೆ ಇನ್ನೂ ಕಷ್ಟ, ಮೋಟಾರ್ ಒಂದು ಕಡೆ ವಾಲಿ ಎರಡು ಪುಲ್ಲಿ ಸಾಲು ತಪ್ಪತ್ತೆ. ಎರಡು ಪುಲ್ಲಿ ಮುಖದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದ್ರೆ ತಿಳಿಯತ್ತೆ.

ಮಿಣುಕು_ಲ್ಯಾಂಪ್:

ಬೆಲ್ಟ್ ಅಳತೆ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ಬಹಳ ಜನ ಇಲ್ಲೇ ಎಡವೋದು. ಸೌಂಡ್ ಪ್ರೊಜೆಕ್ಟರ್‌ಗೆ ಬೆಸುಗೆ ಹಾಕಿದ ಹುರಿ ಬೇಡ, ಅಚ್ಚಲ್ಲಿ ಒಂದೇ ತುಂಡಾಗಿ ಬಂದ ಓ ರಿಂಗ್ ಥರದ ರಬ್ಬರ್ ಬೆಲ್ಟ್ ತಗೊಳ್ಳಿ. ಬೆಸುಗೆ ಎಷ್ಟೇ ನಯವಾಗಿ ಮಾಡಿದ್ರೂ ಆ ಜಾಗ ಸ್ವಲ್ಪ ಗಟ್ಟಿ ಇರತ್ತೆ, ವಾದ್ಯದ ಉದ್ದ ಸ್ವರ ಬಂದಾಗ ಅಲುಗಾಡೋದು ಕೇಳತ್ತೆ. ತಾತ್ಕಾಲಿಕಕ್ಕೆ ಬೆಸುಗೆನೇ ಗತಿ ಅಂದ್ರೆ ಲೈಟರ್ ಬೆಂಕಿ ಹಿಡೀಬೇಡಿ, ತುದಿ ಸುಟ್ಟು ಕಪ್ಪಾದ್ರೆ ಹಿಡಿಯಲ್ಲ. ತುದಿ ನೇರ ಕತ್ತರಿಸಿ, ಬಿಸಿ ಬ್ಲೇಡಿನ ಎರಡು ಮುಖಕ್ಕೆ ಎರಡು ತುದಿ ಮುಟ್ಟಿಸಿ, ಕರಗಿದ ತಕ್ಷಣ ಬ್ಲೇಡ್ ಎಳೆದು ಒತ್ತಿ ಹಿಡೀರಿ, ಪೂರ್ತಿ ಆರಿದ್ಮೇಲೆ ಉಬ್ಬಿದ್ದನ್ನ ಚೂರಿಯಲ್ಲಿ ಕೆತ್ತಿ ಹುರಿಯ ಮೈಗೆ ಸಮ ಮಾಡಿ. ಆ ಉಬ್ಬೇ ನಿಮ್ಮ ಟಪ್ಟಪ್.

ರಬ್ಬರ್‌ನಲ್ಲೂ ಜಾತಿ ನೋಡಿ. ನೈಟ್ರೈಲ್ ಎಣ್ಣೆ ತಾಗಿದ್ರೂ ತಡ್ಕೊಳ್ಳತ್ತೆ. ಇಪಿಡಿಎಂ ಬಿಸಿಲು ಗಾಳಿಗೆ ಗಟ್ಟಿ, ಆದ್ರೆ ಎಣ್ಣೆ ಕಂಡ್ರೆ ಊದ್ಕೊಳ್ಳತ್ತೆ, ಎಣ್ಣೆ ಹನಿಸೋ ಮಿಶಿನ್ ಒಳಗೆ ಅದು ಬೇಡ.

ಉದ್ದಕ್ಕೆ, 3 ಮಿಮೀ ದಪ್ಪದ ದಾರ ಎರಡು ಪುಲ್ಲಿ ಸುತ್ತ ಸಡಿಲ ಇಲ್ದ ಹಾಗೆ ಸುತ್ತಿ ಅಳೀರಿ. 371 ಮಿಮೀ ಬಂತು ಅನ್ಕೊಳ್ಳಿ. ರಬ್ಬರ್ ಬೆಲ್ಟ್ ಸುಮಾರು ನೂರಕ್ಕೆ 6ರಷ್ಟು ಹಿಗ್ಗಿ ಕೂರ್ಬೇಕು, ಅದಕ್ಕೆ 1.06ರಿಂದ ಭಾಗಿಸಿ, 350 ಬಂತು. ಅದನ್ನ 3.14ರಿಂದ ಭಾಗಿಸಿದ್ರೆ 111 ಚಿಲ್ಲರೆ, ಇದು ನಡುಗೆರೆಯ ವ್ಯಾಸ. ಅಂಗಡಿಯೋರು ಓ ರಿಂಗ್ ಮಾರೋದು ಒಳವ್ಯಾಸದ ಲೆಕ್ಕದಲ್ಲಿ, ಅದಕ್ಕೆ ದಪ್ಪ 3 ಕಳೀರಿ, 108. ಈ ಕೊನೇ ಕಳೆಯೋದನ್ನ ಮರೆತು 111 ತಂದ್ಕೊಂಡು ಸಡಿಲ ಆಯ್ತು ಅಂತ ಬೈಯ್ಯೋರನ್ನ ತುಂಬಾ ನೋಡಿದ್ದೀನಿ, ಅದರಲ್ಲಿ ನಾನೂ ಒಬ್ಬ.

ಬಿಗಿ ಅನ್ನೋದರಲ್ಲಿ ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು. ನೀವು ಜಾರಬಾರ್ದು ಅಂತ ಬಿಗಿ ಹಾಕಿದ್ರಲ್ಲ, ಅದು ಮೋಟಾರ್ ಶಾಫ್ಟನ್ನ ಹಗಲೂ ರಾತ್ರಿ ಒಂದು ಪಕ್ಕಕ್ಕೆ ಎಳೀತಾ ಇರತ್ತೆ, ಬುಷ್ ಆ ಕಡೆ ಸವೆದು ಮೊಟ್ಟೆ ಆಕಾರ ಆಗತ್ತೆ, ಆಮೇಲೆ ಬರೋ ಗರಗರ ಸದ್ದಿಗೆ ಬೆಲ್ಟ್ ಬದಲಾಯಿಸಿ ಪ್ರಯೋಜನ ಇಲ್ಲ. ಎರಡು ಪುಲ್ಲಿ ಮಧ್ಯ ಬೆರಳಲ್ಲಿ ಮೆತ್ತಗೆ ಒತ್ತಿದ್ರೆ ಬೆಲ್ಟಿನ ದಪ್ಪದ ಎರಡರಷ್ಟಾದ್ರೂ ಬಗ್ಗಬೇಕು. ಇದು ನನ್ನ ಕೈ ಅಂದಾಜು, ಪುಸ್ತಕದ್ದಲ್ಲ.

ಟೇಕಪ್_ತಮ್ಮ:

ಇಷ್ಟೆಲ್ಲ ಮಾಡಿದ್ಮೇಲೂ ಒಂದು ಕುಂಯ್ ಕುಂಯ್ ಉಳಿಯತ್ತೆ ನೋಡ್ತಿರಿ, ಯಾಕಂದ್ರೆ ಯಾರೂ ಟೇಕಪ್ ಕೈಯ (ಓಡಿ ಬಂದ ಫಿಲಂ ಸುತ್ಕೊಳ್ಳೋ ರೀಲು ಕೂರೋ ಕೈ) ಸ್ಪ್ರಿಂಗ್ ಬೆಲ್ಟ್ ಬಗ್ಗೆ ಮಾತಾಡಿಲ್ಲ. ರೀಲು ಸುತ್ತೋಕೆ ತೆಳು ತಂತಿ ಸುರುಳಿ ಬೆಲ್ಟ್ ಇರತ್ತೆ ಬಹಳ ಮಿಶಿನ್‌ಗಳಲ್ಲಿ, ಇದು ಕರಗಲ್ಲ, ಅದಕ್ಕೆ ಯಾರೂ ಮುಟ್ಟೋದೇ ಇಲ್ಲ. ದಿಕ್ಕು ಬದಲಾಗ್ಬೇಕು ಅಂತ ಇದನ್ನ ಇಂಗ್ಲಿಷ್ 8ರ ಆಕಾರದಲ್ಲಿ ತಿರುಚಿ ಹಾಕಿರ್ತಾರೆ ಕೆಲವು ಕಡೆ, ಆಗ ನಡುವೆ ಎರಡು ಎಳೆ ಒಂದಕ್ಕೊಂದು ಉಜ್ಜಿ ಸದ್ದು. ಬಿಚ್ಚಿ ಆಲ್ಕೋಹಾಲ್‌ನಲ್ಲಿ ನೆನೆಹಾಕಿ ಅಲ್ಲಾಡಿಸಿ, ಸುರುಳಿ ಸಂದಿಂದ ಎಂಥಾ ಕಪ್ಪು ಬರತ್ತೆ ಅಂತ ಆಶ್ಚರ್ಯ ಪಡ್ತೀರ. ಒಣಗಿಸಿ ಹಾಕಿ, ಎಣ್ಣೆ ಬೇಡ.

ಬಿಚ್ಚೋದು ಹೇಗೆ ಅಂದ್ರೆ, ಒಂದು ತುದಿ ಸಣ್ಣಗಾಗಿರತ್ತೆ, ಅದು ಇನ್ನೊಂದು ತುದಿ ಒಳಗೆ ಸ್ಕ್ರೂ ಥರ ಹೋಗಿರತ್ತೆ. ವಾಪಸ್ ಸೇರಿಸುವಾಗ ಒಂದು ಉಪಾಯ ಇದೆ, ಎಷ್ಟು ಸುತ್ತು ಒಳಗೆ ಹೋಗ್ಬೇಕೋ ಅಷ್ಟು ಸುತ್ತು ಮೊದಲೇ ಉಲ್ಟಾ ತಿರುಚಿ ಹಿಡ್ಕೊಂಡು ತುದಿ ಸೇರಿಸಿ ಕೈಬಿಡಿ, ತಾನೇ ತಿರುಗಿ ಒಳಗೆ ಹೋಗಿ ಕೂರತ್ತೆ. ಹಾಗೆ ಮಾಡ್ದೆ ಸುಮ್ನೆ ತಿರುಗಿಸಿ ಸೇರಿಸಿದ್ರೆ ಬೆಲ್ಟ್ ಮೈಯೆಲ್ಲ ತಿರುಚಿಕೊಂಡು ಹಾವಿನ ಥರ ಕುಣಿಯತ್ತೆ. ಜೋಡಣೆ ಹತ್ತಿರ ತಂತಿ ತುದಿ ಹೊರಗೆ ಚಾಚಿದ್ರೆ ಇಕ್ಕಳದಲ್ಲಿ ಒಳಗೆ ತಳ್ಳಿ, ಅದೂ ಪುಲ್ಲಿ ದಾಟುವಾಗ ಟಿಕ್ ಅನ್ನತ್ತೆ. ಸಡಿಲ ಅನ್ಸಿದ್ರೆ ಎರಡು ಮೂರು ಸುರುಳಿ ಕತ್ತರಿಸ್ಬಹುದು, ಅದಕ್ಕಿಂತ ಜಾಸ್ತಿ ಬೇಡ, ಟೇಕಪ್ ಅನ್ನೋದು ಜಾರ್ತಾ ಎಳೆಯೋಕೇ ಮಾಡಿರೋದು, ಬಿಗಿ ಜಾಸ್ತಿ ಆದ್ರೆ ಕೊನೇ ಸ್ಪ್ರಾಕೆಟ್ ಹತ್ತಿರ ಫಿಲಂ ತೂತು ಹರಿಯತ್ತೆ.

ರೀಲುಬಂಡಿ:

ಎರಡು ವಾರ ಆದ್ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಪುಲ್ಲಿ ಕ್ಲೀನ್ ಮಾಡೋಕೇ ಒಂದು ಭಾನುವಾರ ಹೋಯ್ತು, ಅರ್ಧ ಕಟ್ಟು ಹತ್ತಿ ಖಾಲಿ. ಶಾಫ್ಟ್ ಗ್ರೀಸ್ ತೆಗೆದು ಎಣ್ಣೆ ಬಿಟ್ಟ ಮೇಲೆ ಗುಬಟು ಒಂದೇ ಬೆರಳಲ್ಲಿ ತಿರುಗ್ತಿದೆ. ತಮಾಷೆ ಅಂದ್ರೆ ಆ ಹಾಳು 4 ಮಿಮೀ ಹುರಿನೇ ಸೋಪಲ್ಲಿ ತೊಳೆದು ವಾಪಸ್ ಹಾಕಿ ನೋಡ್ದೆ, ಕಿರುಚಾಟ ಪೂರ್ತಿ ನಿಂತೇಹೋಗಿತ್ತು! ಅಂದ್ರೆ ಬೆಲ್ಟ್ ಬಡಪಾಯಿ. ಟಪ್ಟಪ್ ಇತ್ತು, ಕೀರಲೂ ಇತ್ತು. ಆಮೇಲೆ 3 ಮಿಮೀ ನೈಟ್ರೈಲ್ ಬೆಲ್ಟ್ ತರಿಸಿ ಹಾಕ್ದೆ, 108 ಒಳವ್ಯಾಸ ಸಿಗ್ಲಿಲ್ಲ, 109 ಸಿಕ್ತು, ಸರಿಯಾಗೇ ಕೂತಿದೆ. ಟಪ್ಟಪ್ ಹೋಯ್ತು. 36 ಅಡಿ 59 ಸೆಕೆಂಡ್ ಚಿಲ್ಲರೆ. ಗಂಡಸಿಗೆ ಗಂಡು ದನಿ ವಾಪಸ್ ಬಂತು. ಮೋಟಾರ್ ರಬ್ಬರ್ ಗುಂಡು ನಾಲ್ಕರಲ್ಲಿ ಎರಡು ಕಲ್ಲಾಗಿತ್ತು, ನಾಲ್ಕೂ ಬದಲಾಯಿಸ್ದೆ, ಅದರಿಂದ ಪೆಟ್ಟಿಗೆ ಗುಂಯ್ಗುಡೋದು ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಕಡಿಮೆಯಾಯ್ತು.

@ಟೇಕಪ್_ತಮ್ಮ ಕುಂಯ್ ಕುಂಯ್ ನೀವು ಹೇಳಿದ ಹಾಗೇ ಉಳ್ದಿತ್ತು, ಸ್ಪ್ರಿಂಗ್ ಬೆಲ್ಟ್ ತೊಳೆದ ಮೇಲೆ ಹೋಯ್ತು. ಉಲ್ಟಾ ತಿರುಚೋದು ನಾಲ್ಕನೇ ಸಲಕ್ಕೆ ಬಂತು, ಮೂರನೇ ಸಲ ಕೈಜಾರಿ ಬೀರು ಹಿಂದೆ ಹೋಗಿ ಬಿತ್ತು.

ಈಗ ಒಂದೇ ಒಂದು ಉಳಿದಿದೆ, ಟಿಕ್... ಟಿಕ್... ಅಂತ ಮೆಲ್ಲಗೆ, ಸೆಕೆಂಡಿಗೆ ಒಂದೂ ಇಲ್ಲ. ಇದು ಯಾವ ಬೆಲ್ಟು?

ಟೇಕಪ್_ತಮ್ಮ:

ರೀಲ್ ಶುರುವಿಂದ ಕೊನೇವರೆಗೂ ಅದೇ ತಾಳಾನಾ, ಬದಲಾಗತ್ತಾ? ಟೇಕಪ್ ರೀಲ್ ಖಾಲಿ ಇದ್ದಾಗ ಜೋರಾಗಿ ಸುತ್ತಿ ತುಂಬ್ತಾ ತುಂಬ್ತಾ ನಿಧಾನ ಆಗತ್ತೆ, ಫಿಲಂ ಬಿಚ್ಚಿ ಕೊಡೋ ಫೀಡ್ ರೀಲ್ ಉಲ್ಟಾ.

ರೀಲುಬಂಡಿ:

ಈಗ ಪೂರ್ತಿ ರೀಲ್ ಓಡಿಸಿ ಕೇಳ್ದೆ. ಶುರುವಲ್ಲಿ ನಿಧಾನ, ಕೊನೆ ಬರ್ತಾ ಟಿಕ್‌ಟಿಕ್‌ಟಿಕ್ ಅಂತ ಜೋರು. ಹಾಗಿದ್ರೆ ಫೀಡ್ ಕಡೆ... ಒಂದ್ನಿಮಿಷ.

ರೀಲ್ ಅಂಚು ಒಂದು ಕಡೆ ಸೊಟ್ಟ ಇದೆ, ಫಿಲಂಗೆ ತಾಗ್ತಿತ್ತು. ಕೈಯಲ್ಲೇ ಬಗ್ಗಿಸ್ದೆ. ಹೋಯ್ತು.